ಮೊಳೆ ಜೋಡಿಸಿದವರ ಹೆಸರೇನು?

1909ರಲ್ಲಿ ಮೈಸೂರಿನ ಗವರ್ನಮೆಂಟ್ ಬ್ರಾಂಚ್ ಪ್ರೆಸ್ಸಿನಲ್ಲಿ ಒಂದು ಸಂಸ್ಕೃತ ಗ್ರಂಥ ಅಚ್ಚಾಯಿತು. ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರ ಅದು. ಶಾಸ್ತ್ರಿಗಳ ಹೆಸರನ್ನು ಇಂದು ಲೋಕವೇ ಬಲ್ಲದು. ಆ ಗ್ರಂಥದ ಒಂದೊಂದು ಅಕ್ಷರವನ್ನೂ ಸೀಸದ ಮೊಳೆಗಳಲ್ಲಿ ಹೆಕ್ಕಿ ಸಾಲುಗೂಡಿಸಿದ ಕಂಪೋಸಿಟರುಗಳು ಯಾರು? ಪುಸ್ತಕದ ಮೇಲೆ ಮುದ್ರಕನ ಹೆಸರು, ಪ್ರಕಾಶಕನ ಹೆಸರು ಇರಲೇಬೇಕೆಂದು 1867ರ ಕಾಯ್ದೆ ವಿಧಿಸಿತ್ತು. ಮೊಳೆ ಜೋಡಿಸಿದವನ ಪ್ರಸ್ತಾಪ ಅದರಲ್ಲಿರಲಿಲ್ಲ.

ಮೈಸೂರಿಗೆ ಅಚ್ಚಿನ ಕೆಲಸ ಹೊಸದೇನಲ್ಲ. ವೆಸ್ಲಿಯನ್ ಮಿಷನ್ನಿನವರ 'ವೃತ್ತಾಂತ ಪತ್ರಿಕೆ' ಇಲ್ಲಿ 1887ರಲ್ಲೇ ಹೊರಟಿತು. ವಿಶ್ವವಿದ್ಯಾನಿಲಯ ಬಂದದ್ದು 1916ರಲ್ಲಿ. ಪಠ್ಯಪುಸ್ತಕ, ಶಾಸ್ತ್ರಗ್ರಂಥ, ಪಂಚಾಂಗ, ಮದುವೆ ಕರೆಯೋಲೆ ಎಲ್ಲಕ್ಕೂ ಮೊಳೆ ಜೋಡಿಸುವ ಕೈ ಬೇಕಿತ್ತು. ಅದರಲ್ಲೂ ಪ್ರತಿ ಪುಟದಡಿ ಚಿಕ್ಕ ಮೊಳೆಯಲ್ಲಿ ಪಾಠಾಂತರಗಳಿರುವ ಸಂಪಾದಿತ ಗ್ರಂಥವೆಂದರೆ ನುರಿತವನಿಗೂ ಪರೀಕ್ಷೆಯೇ.

ಕೆಲಸ ಎಂಥದು ನೋಡಿ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ದೊಡ್ಡದು ಚಿಕ್ಕದು ಸೇರಿದರೂ ಎರಡು ಕೇಸುಗಳಲ್ಲಿ ಮುಗಿಯುತ್ತದೆ. ಕನ್ನಡಕ್ಕೆ ಗುಣಿತಾಕ್ಷರ, ಒತ್ತು, ಕೊಂಬು, ದೀರ್ಘ ಎಂದು ನೂರಾರು ಖಾನೆಗಳು. 'ರಾಷ್ಟ್ರ' ಎಂದು ಬರೆಯುವವನಿಗೆ ಅದು ಎರಡೇ ಅಕ್ಷರ. ಜೋಡಿಸುವವನಿಗೆ ಷಕಾರ, ಅದಕ್ಕೆ ಟಕಾರದ ಒತ್ತು, ಮತ್ತೆ ರಕಾರದ ಒತ್ತು. ಯಾವ ಖಾನೆಯಲ್ಲಿ ಯಾವ ಮೊಳೆ ಎಂಬುದನ್ನು ಕಣ್ಣು ಹುಡುಕುತ್ತಿದ್ದರೆ ದಿನಕ್ಕೆ ಒಂದು ಪುಟವೂ ಮುಗಿಯದು. ಕೈಗೇ ಅದು ತಿಳಿದಿರಬೇಕು. ಮೊಳೆಯ ಮೈಮೇಲಿನ ಸಣ್ಣ ಕಚ್ಚನ್ನು ಹೆಬ್ಬೆರಳು ಮುಟ್ಟಿದೊಡನೆ ತಲೆ ಯಾವುದು, ಬುಡ ಯಾವುದು ಎಂದು ಗೊತ್ತಾಗುತ್ತಿತ್ತು. ಸ್ಟಿಕ್ಕಿನಲ್ಲಿ ಅಕ್ಷರಗಳು ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡಂತೆ ಕೂರುತ್ತವೆ. ಬಕಾರಕ್ಕೂ ಭಕಾರಕ್ಕೂ ಇರುವ ಒಂದು ಸೀಳನ್ನು ಹಾಗೇ ಗುರುತಿಸಬೇಕು. ಅಚ್ಚಾದ ಮೇಲೆ ಅಷ್ಟೂ ಮೊಳೆಗಳನ್ನು ಬಿಚ್ಚಿ ಅವವುಗಳ ಖಾನೆಗೆ ಹಾಕುವುದು ಇನ್ನೊಂದು ಕೆಲಸ. ಹುಡುಗರು ಕಸುಬು ಕಲಿಯುತ್ತಿದ್ದುದು ಅಲ್ಲಿಂದಲೇ.

ಇಂಥವರಿಗೆ ತಮ್ಮ ಕೆಲಸದ ಬಗ್ಗೆ ಅಭಿಮಾನವಿದ್ದುದು ಸಹಜ. ಲೇಖಕರ ಕಾಗುಣಿತ ತಪ್ಪನ್ನು ಕರಡು ತಿದ್ದುವವರಿಗಿಂತ ಮೊದಲು ಹಿಡಿಯುತ್ತಿದ್ದವರು ಇವರು. 1970ರಲ್ಲಿ ಪಂಡಿತ ವರದರಾಜ ಅಯ್ಯಂಗಾರ್ಯರು ಮೈಸೂರಿನಲ್ಲಿ 'ಸುಧರ್ಮಾ' ಎಂಬ ಸಂಸ್ಕೃತ ದಿನಪತ್ರಿಕೆ ಆರಂಭಿಸಿದಾಗ ಅದನ್ನು ದಿನವೂ ಹೊರತರಲು ಸಾಧ್ಯವಾದದ್ದು ಪಾಂಡಿತ್ಯದ ಜೊತೆಗೆ ಕೈ ಪಳಗಿದ ಜೋಡಣೆಯವರಿಂದ ಕೂಡ.

ಅಭಿಮಾನವಿದ್ದಲ್ಲಿ ಸಂಘವೂ ಬಲವಾಗಿ ಇರಬೇಕಲ್ಲ? ನಮ್ಮ ದೇಶದಲ್ಲಿ ಮುದ್ರಣ ಕಾರ್ಮಿಕರು ಮೊದಲಿಗರ ಸಾಲಿನಲ್ಲೇ ಇದ್ದಾರೆ. ಸ್ವದೇಶಿ ಚಳವಳಿಯ ಕಾವಿನಲ್ಲಿ, 1905ರಲ್ಲೇ, ಸರ್ಕಾರಿ ಮುದ್ರಣಾಲಯಗಳ ಮುಷ್ಕರದ ಬೆನ್ನಿಗೆ ಕಲ್ಕತ್ತೆಯಲ್ಲಿ ಪ್ರಿಂಟರ್ಸ್ ಯೂನಿಯನ್ ಹುಟ್ಟಿತು. 1926ರ ಕಾಯ್ದೆಯ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದಿತ್ತು. ಆದರೆ ನಮ್ಮ ಊರುಗಳ ಸಣ್ಣ ಪ್ರೆಸ್ಸಿನಲ್ಲಿ ಏಳು ಜನರೆಲ್ಲಿ? ಮೂವರು ಕಂಪೋಸಿಟರು, ಟ್ರೆಡಲ್ ತುಳಿಯುವ ಒಬ್ಬ, ಮಾಲೀಕ. ಮಾಲೀಕನೂ ಬಹುಪಾಲು ಹಿಂದೆ ಕಂಪೋಸಿಟರೇ ಆಗಿದ್ದವನು. ಅವನ ವಿರುದ್ಧ ಘೋಷಣೆ ಕೂಗುವುದು ಹೇಗೆ?

ಇನ್ನೊಂದು ವಿಷಯ ಇದಕ್ಕಿಂತ ಕಹಿ. ಮೊಳೆಯಲ್ಲಿ ತವರ, ಆಂಟಿಮನಿ ಇದ್ದರೂ ಹೆಚ್ಚಿನ ಪಾಲು ಸೀಸ. ಸೀಸದ ವಿಷ 1948ರ ಕಾರ್ಖಾನೆ ಕಾಯ್ದೆಯ ರೋಗಪಟ್ಟಿಯಲ್ಲಿ ಮೊದಲನೆಯದು. ಆದರೆ ವಿದ್ಯುತ್ ಬಳಸುವ ಕಡೆ ಹತ್ತು, ಬಳಸದ ಕಡೆ ಇಪ್ಪತ್ತು ಕಾರ್ಮಿಕರಿದ್ದರೆ ಮಾತ್ರ ಆ ಕಾಯ್ದೆ ತಾನಾಗಿ ಅನ್ವಯವಾಗುತ್ತಿತ್ತು. ಮೂವರಿದ್ದ ಪ್ರೆಸ್ಸಿನಲ್ಲಿ ಸೀಸವೇನೂ ಕಡಿಮೆ ವಿಷವಾಗಿರಲಿಲ್ಲ. ಸಂಘದ ಬಲ ಕಂಡದ್ದು ದೊಡ್ಡ ಪತ್ರಿಕೆಗಳಲ್ಲಿ. 1980ರ ಪಾಲೇಕರ್ ತೀರ್ಪು ಪತ್ರಕರ್ತರಲ್ಲದ ನೌಕರರಿಗೂ ವೇತನ ಶ್ರೇಣಿ ಗೊತ್ತುಮಾಡಿತು. ಅಲ್ಲಿಯೂ ಪತ್ರಿಕೆಯ ವರಮಾನದ ಮೇಲೆ ದರ್ಜೆ. ಕೈಚಳಕ ಒಂದೇ ಆದರೂ ಬಡ ಪತ್ರಿಕೆಯ ಕಂಪೋಸಿಟರಿಗೆ ಕಡಿಮೆ ಸಂಬಳ.

ಕಂಪ್ಯೂಟರ್ ಬಂದಾಗ ಬಲಿಷ್ಠ ಸಂಘಗಳೂ ತತ್ತರಿಸಿದವು. 1986ರಲ್ಲಿ ರೂಪರ್ಟ್ ಮರ್ಡೋಕ್ ಲಂಡನ್ನಿನ ತನ್ನ ಪತ್ರಿಕೆಗಳನ್ನು ರಾತ್ರೋರಾತ್ರಿ ವಾಪಿಂಗ್‌ಗೆ ಸಾಗಿಸಿದ. ಐದು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಒಂದು ವರ್ಷ ಹೋರಾಡಿಯೂ ಸೋತರು. ಮೈಸೂರಿನಲ್ಲಿ ಅಂಥ ಗಲಾಟೆಯೇನೂ ಆಗಲಿಲ್ಲ. ಒಂದೊಂದೇ ಪ್ರೆಸ್ಸು ಮೊಳೆಗಳನ್ನು ತೂಕಕ್ಕೆ ಮಾರಿತು. ಕೆಲವರು ಕೀಲಿಮಣೆ ಕಲಿತು ಡಿ.ಟಿ.ಪಿ. ಅಂಗಡಿ ಸೇರಿದರು, ವಯಸ್ಸಾದವರು ಮನೆಗೆ ಹೋದರು. ಪುಟಕ್ಕೆ ಇಷ್ಟು ಎಂಬ ಕೂಲಿಯ ಲೆಕ್ಕ ಮಾತ್ರ ಅಂಗಡಿಗೂ ಹಾಗೆಯೇ ಬಂತು.