ಹೊಗೆಯುಗುಳಿದ ಎಂಜಿನ್ನೂ ರಟ್ಟಿನ ಗಾಡಿಯೂ

ರಜೆಯ ಮೇಲೆ ಊರಿಗೆ ಹೋಗಿಬಂದ ಗೆಳೆಯರೊಬ್ಬರು ವಿಚಿತ್ರವಾದ ದೂರೊಂದನ್ನು ಹೇಳಿದರು: “ಗಾಡಿ ಹೊರಟದ್ದೇ ತಿಳಿಯಲಿಲ್ಲ.” ಗಾಡಿಯು ವೇಳೆಗೆ ಸರಿಯಾಗಿಯೇ ಹೊರಟಿತ್ತು, ಕೂರಲು ಸ್ಥಳವೂ ದೊರೆತಿತ್ತು. ಆದರೆ ಯಾವ ಸದ್ದು ಕಿವಿಗೆ ಬಿದ್ದೊಡನೆ ಅವರ ಮನಸ್ಸು ಊರಿನ ಹಾದಿ ಹಿಡಿಯುತ್ತಿತ್ತೋ ಆ ಸದ್ದು ಇರಲಿಲ್ಲ. ಡೀಸೆಲ್ ಎಂಜಿನ್ನು ನಿಲ್ಲುತ್ತಿದ್ದಲ್ಲಿ ವಿದ್ಯುತ್ ಎಂಜಿನ್ನು ನಿಂತಿತ್ತು.

ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದುದು 1998ರಲ್ಲಿ. ಅಲ್ಲಿಯವರೆಗೆ ಉಡುಪಿ, ಕುಂದಾಪುರಗಳ ಕಡೆಯಿಂದ ಮುಂಬಯಿಗೆ ದುಡಿಯಲು ಬಂದವರಿಗೆ ಬಸ್ಸಿನ ದೀರ್ಘ ಪ್ರಯಾಣವೇ ಗತಿ. ಆ ಮಾರ್ಗದ ವಿದ್ಯುದೀಕರಣವು 2022ರಲ್ಲಿ ಮುಗಿಯಿತು. ನಡುವಣ 24 ವರ್ಷ ನಮ್ಮವರನ್ನು ಊರಿಗೊಯ್ದು ಮರಳಿ ತಂದುದು ಡೀಸೆಲ್ ಎಂಜಿನ್ನು.

ಮೊದಲ ವರ್ಷಗಳಲ್ಲಿ ಈ ಗಾಡಿಗಳನ್ನೆಳೆದವುಗಳಲ್ಲಿ ಡಬ್ಲ್ಯೂಡಿಎಂ-2 ಜಾತಿಯದು ಹಿರಿದು. 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದ ಈ ಎಂಜಿನ್ನನ್ನು 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿಯೇ ಕಟ್ಟತೊಡಗಿದರು. 16 ಸಿಲಿಂಡರು, 2600 ಅಶ್ವಶಕ್ತಿ. ಡೀಸೆಲ್ ಯಂತ್ರವು ನೇರವಾಗಿ ಗಾಲಿಗಳನ್ನು ತಿರುಗಿಸದು. ಜನರೇಟರನ್ನು ತಿರುಗಿಸಿ ವಿದ್ಯುತ್ತನ್ನು ಹುಟ್ಟಿಸುವುದು. ಆ ವಿದ್ಯುತ್ತಿನಿಂದ ಗಾಲಿಯ ಮೋಟಾರುಗಳು ಓಡುವುವು. ಚಾಲಕನು ಹಿಡಿಯನ್ನೆಳೆದಾಗ ತೈಲವು ಕೂಡಲೆ ಒಳನುಗ್ಗುವುದು. ಗಾಳಿಯನ್ನೊತ್ತುವ ಟರ್ಬೊ ಮಾತ್ರ ವೇಗಗೊಳ್ಳಲು ಕೆಲವು ಕ್ಷಣ ತಡಮಾಡುವುದು. ಆ ಕ್ಷಣಗಳಲ್ಲಿ ತೈಲವು ಪೂರ್ತಿ ಉರಿಯದೆ ಕಪ್ಪು ಹೊಗೆಯಾಗಿ ಮುಗಿಲಿಗೇರುವುದು. ನಾವು ಎಂಜಿನ್ನಿನ ಪೌರುಷವೆಂದು ಮೆಚ್ಚಿದ್ದು ವಾಸ್ತವವಾಗಿ ಅದರ ಅಜೀರ್ಣವಷ್ಟೆ!

ಹೊಗೆ ಹೋದುದು ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. 6.5 ಕಿಲೋಮೀಟರು ಉದ್ದದ ಕರಬುಡೆ ಸುರಂಗದಲ್ಲಿ ಕಿಟಕಿಯ ಬಳಿ ಕುಳಿತವರನ್ನು ಕೇಳಿದರೆ ತಿಳಿದೀತು. ಆದರೂ ಒಳಿತಿಗಾಗಿ ಹೋದ ವಸ್ತುವಿಗೂ ಒಂದು ನೆನಪು ಸಲ್ಲಬೇಡವೆ?

ನಮ್ಮ ಗೆಳೆಯರು ಆ ನೆನಪನ್ನು ರಟ್ಟಿನಲ್ಲಿ ಕಟ್ಟುತ್ತಿದ್ದಾರೆ. ಗಲ್ಲೆಯ ಕೆಲಸ ಮುಗಿದ ಮೇಲೆ, ಖೋಲಿಯ ಟ್ರಂಕಿನ ಮೇಲೆ, ಮಿಠಾಯಿ ಪೆಟ್ಟಿಗೆಯ ರಟ್ಟು, ಬ್ಲೇಡು, ಗೋಂದು. ಮಾದರಿ ರೈಲುಗಳ ಲೋಕದಲ್ಲಿ ಎಚ್‌ಓ ಎಂಬ ಪ್ರಸಿದ್ಧವಾದ ಅಳತೆಯುಂಟು: ನಿಜದ 87 ಅಡಿ ಇಲ್ಲಿ ಒಂದಡಿ. 17 ಮೀಟರಿಗೆ ತುಸು ಮೀರಿದ ಡಬ್ಲ್ಯೂಡಿಎಂ-2 ಈ ಲೆಕ್ಕದಲ್ಲಿ ಸುಮಾರು 20 ಸೆಂಟಿಮೀಟರಿಗಿಳಿಯುವುದು. ತೊಡಕಿರುವುದು ಹಳಿಯಲ್ಲಿ. ನಮ್ಮ ಬ್ರಾಡ್‌ಗೇಜಿನ ಅಗಲ 1676 ಮಿಲಿಮೀಟರು. ಎಚ್‌ಓ ಲೆಕ್ಕಕ್ಕೆ 19 ಮಿಲಿಮೀಟರಿಗೂ ಮಿಕ್ಕು. ಅಂಗಡಿಯಲ್ಲಿ ಸಿಗುವ ಹಳಿಯಾದರೋ 16.5; ಅದು ಪರದೇಶದ 1435 ಮಿಲಿಮೀಟರಿನ ಹಳಿಗೆಂದು ಅಳೆದದ್ದು. ಭಾರತದ ಎಂಜಿನ್ನು ಮಾಡುವವನು ಪರದೇಶದ ಹಳಿಯ ಮೇಲೆ ಕೊಂಚ ಇಕ್ಕಟ್ಟಾಗಿ ನಿಲ್ಲಿಸಬೇಕು, ಇಲ್ಲವೆ ಹಳಿಯನ್ನೂ ತಾನೇ ಮಾಡಿಕೊಳ್ಳಬೇಕು. ಹೊಟ್ಟೆಪಾಡಿಗಾಗಿ ಪರಸ್ಥಳ ಸೇರಿದವರಿಗೆ ಈ ಇಕ್ಕಟ್ಟು ಹೊಸದೇನಲ್ಲ.

ಮಾರ್ಗವನ್ನೆಲ್ಲ ಇದೇ ಅಳತೆಯಲ್ಲಿ ಹಾಸಿದರೆ? ಹೊನ್ನಾವರದ ಶರಾವತಿ ಸೇತುವೆ ಸುಮಾರು 24 ಮೀಟರು. ಕರಬುಡೆ ಸುರಂಗ 75 ಮೀಟರು. ರೋಹಾದಿಂದ ತೋಕೂರಿನವರೆಗಿನ ಸುಮಾರು 740 ಕಿಲೋಮೀಟರು ಎಂಟೂವರೆ ಕಿಲೋಮೀಟರಾಗುವುದು. ಬೋರಿಬಂದರದಿಂದ ಹೆಚ್ಚುಕಡಿಮೆ ದಾದರಿನ ತನಕ! ಊರನ್ನು ಎಷ್ಟು ಕುಗ್ಗಿಸಿದರೂ ಅದು ಖೋಲಿಯಲ್ಲಿ ಹಿಡಿಸದು.

ಇಷ್ಟೆಲ್ಲ ಶ್ರಮ ಯಾರಿಗಾಗಿ ಎಂದು ಕೇಳಿದೆ. ಗೆಳೆಯರ ಮಗನು ಬೆಳೆದುದು ಕುಂದಾಪುರದ ಬಳಿ, ಹಳಿಯ ಪಕ್ಕದ ಮನೆಯಲ್ಲಿ. ತಂದೆ ಬರುವುದು ವರುಷಕ್ಕೊಮ್ಮೆ. ಆ ದಿನ ಎಂಜಿನ್ನಿನ ಕೂಗು ಕೇಳಿದೊಡನೆ ಹುಡುಗನು ಗದ್ದೆಯ ಬದುವಿಗೆ ಓಡುತ್ತಿದ್ದನಂತೆ. ಉಳಿದ ದಿನಗಳಲ್ಲಿಯೂ ಓಡುತ್ತಿದ್ದನೆಂದು ತಾಯಿ ಈಚೆಗಷ್ಟೇ ಹೇಳಿದಳು. ಈಗ ಆತನು ಪುಣೆಯಲ್ಲಿ ಗುಮಾಸ್ತ.

“ಬಾಲ್ಯದಲ್ಲಿ ಅವನಿಗೆ ಒಂದು ಆಟಿಕೆಯನ್ನೂ ಕೈಯಾರೆ ಮಾಡಿಕೊಡಲಿಲ್ಲ,” ಎಂದರು ಗೆಳೆಯರು. ಹೀಗೆಂದು ರಟ್ಟಿನ ಎಂಜಿನ್ನಿಗೆ ಕಿಟಕಿ ಕೊರೆಯತೊಡಗಿದರು. ಎರಡು ಕಿಟಕಿಗಳು ಒಂದೇ ಎತ್ತರಕ್ಕೆ ಬಂದಿರಲಿಲ್ಲ. ನಾನು ಅದನ್ನು ಹೇಳಲಿಲ್ಲ.