ಹಿತ್ತಿಲ ಕೊಳದಲ್ಲಿ ಕಪ್ಪೆ ಸಂಸಾರ: ಹೆದರಬೇಕಾದ್ದು ಯಾವುದಕ್ಕೆ?

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿಯೇ ಹಿತ್ತಿಲಿನಲ್ಲಿ ಸಂಗೀತ ಕಚೇರಿ ಶುರುವಾಗುತ್ತದೆ. ಬಣ್ಣದ ಮೀನು ಸಾಕಲೆಂದು ನೀವು ಆಸೆಯಿಂದ ಕಟ್ಟಿಸಿದ ಪುಟ್ಟ ಕೊಳದ ಸುತ್ತ ಎಲ್ಲಿಂದಲೋ ಬಂದ ಹತ್ತಾರು ಕಪ್ಪೆಗಳು ವಟಗುಟ್ಟತೊಡಗುತ್ತವೆ. ಬೆಳಗಾಗುವ ಹೊತ್ತಿಗೆ ನೀರಿನ ಗಿಡಗಳ ದಂಟಿಗೆ ಕರಿಮಣಿ ಸರದಂತೆ ಮೊಟ್ಟೆಗಳ ಎಳೆ ಸುತ್ತಿಕೊಂಡಿರುತ್ತದೆ. ವಾರ ಕಳೆಯುವುದರೊಳಗೆ ನೀರಿನ ತುಂಬ ಬಾಲ ಅಲ್ಲಾಡಿಸುವ ಗೊದಮೊಟ್ಟೆಗಳು!

ಆಗ ಮನೆಯಲ್ಲಿ ಚರ್ಚೆ ಆರಂಭ. ಕಪ್ಪೆಯ ಹಿಂದೆ ಹಾವು ಬರುತ್ತದೆ ಎಂದು ಅಜ್ಜಿಯ ಭಯ. ಮಗು ಕಪ್ಪೆ ಮುಟ್ಟಿದರೆ ನರಹುಲಿ ಏಳುತ್ತದೆ ಎಂದು ತಾಯಿಯ ಆತಂಕ. ನಿಂತ ನೀರಿನಿಂದ ಡೆಂಗಿ ಬಂದರೆ ಗತಿಯೇನು ಎಂದು ತಂದೆಯ ಚಿಂತೆ. ಕೊನೆಗೆ ಯಾರೋ ಒಬ್ಬರು 'ಒಂದಿಷ್ಟು ಬ್ಲೀಚಿಂಗ್ ಪೌಡರ್ ಸುರಿದರೆ ಎಲ್ಲ ಸರಿಹೋಗುತ್ತದೆ' ಎಂದು ಸಲಹೆ ಕೊಡುತ್ತಾರೆ. ಮಳೆಗಾಲ ಬಂತೆಂದರೆ ವೈದ್ಯರ ಮುಂದೆಯೂ ಈ ಪ್ರಶ್ನೆಗಳು ಬರುತ್ತವೆ. ಇವುಗಳಲ್ಲಿ ಕೆಲವು ಬರೀ ಮೂಢನಂಬಿಕೆ, ಕೆಲವು ಅರ್ಧ ಸತ್ಯ. ಇನ್ನು ನಿಜವಾದ ಅಪಾಯದ ಬಗ್ಗೆ ಕೇಳುವವರೇ ಕಡಿಮೆ. ಒಂದೊಂದಾಗಿ ನೋಡೋಣ.

ಬಂದ ಅತಿಥಿಗಳು ಯಾರು?

ಹಿತ್ತಿಲ ಕೊಳಕ್ಕೆ ಬರುವ ಕಪ್ಪೆಗಳೆಲ್ಲ ಒಂದೇ ಜಾತಿಯವಲ್ಲ. ಮೈತುಂಬ ಗಂಟುಗಂಟು, ಒರಟು ಚರ್ಮ, ಕುಪ್ಪಳಿಸುವುದಕ್ಕಿಂತ ತೆವಳಿದಂತೆ ಸಾಗುವ ನಡಿಗೆ, ಇದು ನೆಲಗಪ್ಪೆ. ಸಂಜೆ ಹೊತ್ತು ಬೀದಿ ದೀಪದ ಕೆಳಗೆ ಹುಳು ತಿನ್ನಲು ಕೂರುವುದು ಇದೇ. ಉದ್ದನೆಯ ಎಳೆಯಂತೆ ಮೊಟ್ಟೆ ಇಡುವುದೂ ಇದೇ. ನುಣುಪಾದ ಒದ್ದೆ ಮೈ, ಉದ್ದ ಕಾಲು ಇರುವವು ನೀರುಗಪ್ಪೆಗಳು. ಇವುಗಳ ಮೊಟ್ಟೆಗಳು ಲೋಳೆಯ ಮುದ್ದೆಯಂತೆ ನೀರಿನಲ್ಲಿ ತೇಲುತ್ತವೆ. ಕೊಳದ ಮೇಲೆ ಬಾಗಿದ ಎಲೆಗೋ ತೊಟ್ಟಿಯ ಗೋಡೆಗೋ ಸೋಪಿನ ನೊರೆಯಂಥ ಬಿಳಿಯ ಗೂಡು ಅಂಟಿಕೊಂಡಿದ್ದರೆ ಅದು ಮರಗಪ್ಪೆಯದು. ಮರಿಗಳು ಆ ನೊರೆಯಿಂದ ಕೆಳಗಿನ ನೀರಿಗೆ ಬೀಳುತ್ತವೆ.

ರಾತ್ರಿಯಿಡೀ ನಿಮ್ಮ ನಿದ್ದೆ ಕೆಡಿಸುವ ಆ ಗದ್ದಲ ಗಂಡು ಕಪ್ಪೆಗಳದು, ಹೆಣ್ಣನ್ನು ಕರೆಯುವ ಕೂಗು. ಜೋರು ಮಳೆಯ ನಂತರದ ಕೆಲವು ರಾತ್ರಿ ಇದರ ಅಬ್ಬರ ಹೆಚ್ಚು, ಆಮೇಲೆ ತಾನಾಗಿಯೇ ಇಳಿಯುತ್ತದೆ. ಒಂದು ಹೆಣ್ಣು ನೆಲಗಪ್ಪೆ ಸಾವಿರಾರು ಮೊಟ್ಟೆ ಇಡಬಲ್ಲದು. ಅಷ್ಟೂ ಕಪ್ಪೆಗಳಾಗಿ ಮನೆ ತುಂಬುತ್ತವೆ ಎಂದು ಗಾಬರಿಯಾಗಬೇಡಿ. ಮೀನು, ಹಕ್ಕಿ, ನೀರಿನ ಹುಳುಗಳ ಬಾಯಿ ತಪ್ಪಿಸಿಕೊಂಡು ದೊಡ್ಡದಾಗುವವು ಬೆರಳೆಣಿಕೆಯಷ್ಟು ಮಾತ್ರ.

ಮುಟ್ಟಿದರೆ ನರಹುಲಿ ಬರುತ್ತದೆಯೇ?

ಖಂಡಿತ ಇಲ್ಲ. ನರಹುಲಿ ಬರುವುದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಒಂದು ವೈರಸ್‌ನಿಂದ. ಅದಕ್ಕೂ ಕಪ್ಪೆಗೂ ಸಂಬಂಧವಿಲ್ಲ. ನೆಲಗಪ್ಪೆಯ ಮೈಮೇಲಿನ ಗಂಟುಗಳು ನೋಡಲು ನರಹುಲಿಯಂತೆ ಕಾಣುವುದರಿಂದ ಈ ನಂಬಿಕೆ ಹುಟ್ಟಿರಬೇಕು. ಅವು ಕೇವಲ ಚರ್ಮದ ಗ್ರಂಥಿಗಳು.

ಇನ್ನೊಂದು ಸ್ವಾರಸ್ಯದ ವಿಷಯ. ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಪಟ್ಟಿಯಿಂದ ಐದು ನಿಮಿಷದಲ್ಲಿ ಬಸಿರು ಗೊತ್ತಾಗುತ್ತದೆ. ಹಿಂದೆ ಈ ಕೆಲಸಕ್ಕೆ ಕಪ್ಪೆಗಳೇ ಬೇಕಿದ್ದವು. 1947ರಲ್ಲಿ ಅರ್ಜೆಂಟೀನಾದ ವೈದ್ಯ ಗ್ಯಾಲಿ ಮೈನಿನಿ ಗಂಡು ನೆಲಗಪ್ಪೆಗೆ ಮಹಿಳೆಯ ಮೂತ್ರವನ್ನು ಚುಚ್ಚುವ ಪರೀಕ್ಷೆಯನ್ನು ಪ್ರಕಟಿಸಿದರು. ಆಕೆ ಬಸಿರಾಗಿದ್ದರೆ ಕೆಲವೇ ಗಂಟೆಗಳಲ್ಲಿ ಕಪ್ಪೆಯ ಮೂತ್ರದಲ್ಲಿ ವೀರ್ಯಾಣುಗಳು ಕಾಣಿಸುತ್ತಿದ್ದವು. ಮುಟ್ಟಿದ್ದಕ್ಕೆ ನರಹುಲಿ ಬರುವುದಾಗಿದ್ದರೆ ದಿನನಿತ್ಯ ಕಪ್ಪೆ ಹಿಡಿಯುತ್ತಿದ್ದ ಆ ಪ್ರಯೋಗಾಲಯದವರ ಕೈತುಂಬ ನರಹುಲಿಗಳೇ ಇರಬೇಕಿತ್ತು!

ಹಾಗೆಂದು ಮಕ್ಕಳು ಕಪ್ಪೆಯೊಂದಿಗೆ ಆಡಲಿ ಎಂದಲ್ಲ. ಕಪ್ಪೆಯ ಮೈಮೇಲೆ, ಕೊಳದ ನೀರಿನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ಬಾಯಿಗೆ ಸೇರಿದರೆ ಜ್ವರ, ಹೊಟ್ಟೆನೋವು, ಭೇದಿ. ಐದು ವರ್ಷದೊಳಗಿನ ಮಕ್ಕಳು ಕಪ್ಪೆ ಹಿಡಿಯದಿರುವುದೇ ಒಳ್ಳೆಯದು. ದೊಡ್ಡ ಮಕ್ಕಳು ಗೊದಮೊಟ್ಟೆ ನೋಡಿ ಕಲಿಯಲಿ, ಆದರೆ ನೀರಿಗೆ ಕೈ ಹಾಕಿದ ಮೇಲೆ ಸೋಪು ಹಚ್ಚಿ ತೊಳೆದೇ ತಿಂಡಿ ಮುಟ್ಟಬೇಕು.

ವಿಷ ಇರುವುದು ನಿಜ

ನೆಲಗಪ್ಪೆಯ ಎರಡೂ ಕಣ್ಣುಗಳ ಹಿಂದೆ ಉಬ್ಬಿದ ಒಂದೊಂದು ಗ್ರಂಥಿ ಇದೆ. ಹಿಂಸೆ ಕೊಟ್ಟಾಗ ಅದರಿಂದ ಹಾಲಿನಂಥ ದ್ರವ ಒಸರುತ್ತದೆ. ಇದರಲ್ಲಿರುವ ವಿಷ ಹೃದಯದ ಮೇಲೆ ಕೆಲಸ ಮಾಡುತ್ತದೆ. ಹೃದ್ರೋಗಿಗಳಿಗೆ ಬಹಳ ಎಚ್ಚರಿಕೆಯಿಂದ ಕೊಡುವ ಡಿಜಾಕ್ಸಿನ್ ಮಾತ್ರೆಯ ರೀತಿಯಲ್ಲೇ ಇದರ ಪರಿಣಾಮ. ಪ್ರಮಾಣ ಮೀರಿದರೆ ವಾಂತಿ, ನಾಡಿ ನಿಧಾನವಾಗುವುದು, ಹೃದಯದ ಬಡಿತ ತಾಳ ತಪ್ಪುವುದು, ಕೊನೆಗೆ ಸಾವು.

ಮುಟ್ಟಿದ ಮಾತ್ರಕ್ಕೆ ಈ ವಿಷ ಏರುವುದಿಲ್ಲ. ಗಾಯವಿಲ್ಲದ ಚರ್ಮಕ್ಕೆ ತಗುಲಿದರೆ ಹೆಚ್ಚೆಂದರೆ ಸ್ವಲ್ಪ ಉರಿ. ಸೋಪು ನೀರಿನಿಂದ ತೊಳೆದರೆ ಸಾಕು. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಶುದ್ಧ ನೀರನ್ನು ಧಾರೆಯಾಗಿ ಬಿಟ್ಟು ತೊಳೆದು ಕಣ್ಣಿನ ವೈದ್ಯರಿಗೆ ತೋರಿಸಿ. ಅಪಾಯವಿರುವುದು ನುಂಗಿದಾಗ. ನೆಲಗಪ್ಪೆಯನ್ನು ಬೇಯಿಸಿದರೂ ವಿಷ ಹೋಗುವುದಿಲ್ಲ. ಅದರ ಮೊಟ್ಟೆಯಲ್ಲೂ ವಿಷವಿದೆ. ಔಷಧಿಗೆಂದೋ ಪಂದ್ಯ ಕಟ್ಟಿಯೋ ಯಾರೂ ಇದನ್ನು ತಿನ್ನಬಾರದು. ಅಂಬೆಗಾಲಿಡುವ ಮಗು ಮೊಟ್ಟೆಯ ಎಳೆಯನ್ನೋ ಮರಿಯನ್ನೋ ಬಾಯಿಗೆ ಹಾಕಿಕೊಂಡಿದ್ದರೆ ಬಾಯಿ ಒರೆಸಿ, ವಾಂತಿ ಮಾಡಿಸಲು ಹೋಗದೆ, ನೇರವಾಗಿ ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯ ನಾಯಿ ನೆಲಗಪ್ಪೆಯನ್ನು ಕಚ್ಚಿ ಬಾಯಲ್ಲಿ ನೊರೆ ಸುರಿಸುತ್ತಿದ್ದರೆ ಅದನ್ನು ಹುಚ್ಚು ನಾಯಿ ಎಂದು ತಿಳಿದು ಹೊಡೆಯಬೇಡಿ. ಅದರ ತಲೆಯನ್ನು ಕೆಳಕ್ಕೆ ಬಾಗಿಸಿ, ನೀರು ಗಂಟಲಿಗೆ ಇಳಿಯದಂತೆ ಬಾಯಿಯ ಪಕ್ಕದಿಂದ ತೊಳೆದು ಪಶುವೈದ್ಯರ ಬಳಿ ಒಯ್ಯಿರಿ.

ಸೊಳ್ಳೆ, ಮೀನು ಮತ್ತು ಕಪ್ಪೆ

ಈಗ ಡೆಂಗಿಯ ವಿಷಯ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ಹಾಕುವ ಅವಕಾಶವನ್ನೂ ಕಲ್ಪಿಸಿತು. ಹಾಗಾದರೆ ಮೀನಿನ ಕೊಳ ಅಪರಾಧವೇ? ಅಲ್ಲ. ಮೀನು ಇರುವ ಕೊಳದಲ್ಲಿ ಸೊಳ್ಳೆ ಮರಿ ಉಳಿಯುವುದು ಕಷ್ಟ. ಡೆಂಗಿ ಸೊಳ್ಳೆ ಹುಡುಕುವುದು ಕೊಳದ ಪಕ್ಕದಲ್ಲಿ ನೀವು ಮರೆತ ಬಕೆಟ್ಟು, ಹಳೆಯ ಟೈರು, ತೆಂಗಿನ ಚಿಪ್ಪು, ಅಡಿಕೆ ಹಾಳೆ, ಹೂಕುಂಡದ ತಟ್ಟೆ, ಮೀನಿಲ್ಲದ ತಾವರೆ ಕುಂಡ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಎಂಟು-ಹತ್ತು ದಿನ ಸಾಕು. ಒಣಗಿದ ಪಾತ್ರೆಯ ಗೋಡೆಯಲ್ಲಿ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿದ್ದು, ನೀರು ಬಿದ್ದೊಡನೆ ಮರಿಯಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು.

ಸೊಳ್ಳೆ ಮರಿ ತಿನ್ನಲೆಂದು ಬಿಡುವ ಗ್ಯಾಂಬೂಸಿಯಾ ಮೀನು ನಮ್ಮದಲ್ಲ. ಅದು 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದದ್ದು. ಅದು ಸೊಳ್ಳೆ ಮರಿಯನ್ನಷ್ಟೇ ಅಲ್ಲ, ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಮನೆಯ ಮುಚ್ಚಿದ ತೊಟ್ಟಿಯಲ್ಲಿ ಇದ್ದರೆ ಇರಲಿ. ಕೆರೆ, ಹಳ್ಳ, ಗದ್ದೆಗೆ ತಂದು ಬಿಡಬೇಡಿ. ತಲೆಯ ಮೇಲೆ ಬಿಳಿ ಚುಕ್ಕೆ ಹೊಳೆಯುವ, ನೀರಿನ ಮೇಲ್ಮೈಯಲ್ಲೇ ಓಡಾಡುವ ನಮ್ಮ ಊರಿನ ಸಣ್ಣ ಮೀನೂ ಸೊಳ್ಳೆ ಮರಿಯನ್ನು ಚೆನ್ನಾಗಿ ತಿನ್ನುತ್ತದೆ.

ಕಪ್ಪೆ ಇದ್ದರೆ ಸೊಳ್ಳೆಯೇ ಇರುವುದಿಲ್ಲ ಎಂಬ ಮಾತೂ ಉತ್ಪ್ರೇಕ್ಷೆಯೇ. ದೊಡ್ಡ ಕಪ್ಪೆಗಳ ಊಟದಲ್ಲಿ ಇರುವೆ, ಗೆದ್ದಲು, ಜೀರುಂಡೆಗಳದೇ ದೊಡ್ಡ ಪಾಲು. ಆದರೂ ಕಪ್ಪೆಗೂ ನಮ್ಮ ಆರೋಗ್ಯಕ್ಕೂ ನಂಟು ಇದ್ದೇ ಇದೆ. ಮಧ್ಯ ಅಮೆರಿಕದ ಕೋಸ್ಟರಿಕಾ ಮತ್ತು ಪನಾಮಾಗಳಲ್ಲಿ ಒಂದು ಶಿಲೀಂಧ್ರ ರೋಗ ಹರಡಿ ಕಪ್ಪೆಗಳು ಸಾಮೂಹಿಕವಾಗಿ ಸತ್ತವು. ಕಪ್ಪೆ ಕಣ್ಮರೆಯಾದ ಕಡೆ ಮುಂದಿನ ಕೆಲವು ವರ್ಷ ಮಲೇರಿಯಾ ಹೆಚ್ಚಿದ್ದನ್ನು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ನಮ್ಮ ದೇಶವೂ ಕಪ್ಪೆ ಕಾಲುಗಳ ರಫ್ತನ್ನು 1987ರಲ್ಲಿ ನಿಷೇಧಿಸಿತು. ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡಿಸುವ ನಾಡು ನಮ್ಮದು. 2019ರ ಜೂನ್‌ನಲ್ಲಿಯೂ ಉಡುಪಿಯಲ್ಲಿ ಅಂಥ ಮದುವೆ ನಡೆಯಿತು. ಮದುವೆ ಮಾಡಿಸಿದವರು ಸಂಸಾರ ಹೂಡಲು ಒಂದಿಷ್ಟು ನೀರನ್ನೂ ಬಿಟ್ಟುಕೊಡುವುದು ನ್ಯಾಯ.

ಕಪ್ಪೆಯ ಹಿಂದೆ ಹಾವು

ಅಜ್ಜಿಯ ಮಾತಿನಲ್ಲಿ ಸತ್ಯವಿದೆ. ಕೇರೆ ಹಾವು, ನೀರು ಹಾವು ಮಾತ್ರವಲ್ಲ, ನಾಗರಹಾವೂ ಕಪ್ಪೆಯನ್ನು ತಿನ್ನುತ್ತದೆ. ಆದ್ದರಿಂದ ಕೊಳದ ಸುತ್ತ ಹುಲ್ಲು ಕತ್ತರಿಸಿರಿ. ಸೌದೆ ರಾಶಿ, ಹೆಂಚಿನ ರಾಶಿ ಪಕ್ಕದಲ್ಲಿ ಬೇಡ. ರಾತ್ರಿ ಅತ್ತ ಹೋಗುವಾಗ ಕಾಲಿಗೆ ಚಪ್ಪಲಿ, ಕೈಯಲ್ಲಿ ಟಾರ್ಚು ಇರಲಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ರಕ್ತ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇರಿಸಿ, ವಿಷಹಾರಿ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಧಾವಿಸಿ.

ಮಳೆಗಾಲದಲ್ಲಿ ಕೊಳ ತೊಳೆಯುವವರು ಇಲಿಜ್ವರವನ್ನೂ ಮರೆಯಬಾರದು. ಇಲಿಯ ಮೂತ್ರ ಬೆರೆತ ನೀರು ಕಾಲಿನ ಬಿರುಕು, ಗಾಯಗಳಿಗೆ ತಗುಲಿದರೆ ಈ ರೋಗಾಣು ಒಳಸೇರುತ್ತದೆ. ರಬ್ಬರ್ ಬೂಟು, ಗ್ಲೌಸ್ ಧರಿಸಿ. ಕೆಲಸವಾದ ದಿನಗಳ ನಂತರ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಕೊಳ ತೊಳೆದ ಸಂಗತಿಯನ್ನು ವೈದ್ಯರಿಗೆ ಹೇಳಿ.

ಯಾರೂ ಕೇಳದ ಅಪಾಯ

ಇಷ್ಟೆಲ್ಲ ಕೇಳುವವರು ಒಂದು ಪ್ರಶ್ನೆಯನ್ನು ಕೇಳುವುದಿಲ್ಲ: 'ಡಾಕ್ಟ್ರೇ, ಕೊಳಕ್ಕೆ ಬೇಲಿ ಹಾಕಬೇಕೇ?' ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಮುಖ ಮುಳುಗುವಷ್ಟು ನೀರಿದ್ದರೆ ಪುಟ್ಟ ಮಗುವಿಗೆ ಸಾಕು, ಆಳ ಬೇಕಿಲ್ಲ. ತಲೆ ಭಾರವಾಗಿರುವ ಎರಡು ವರ್ಷದ ಕೂಸು ಬಗ್ಗಿ ನೋಡುವಾಗ ಮುಗ್ಗರಿಸಿದರೆ ತಾನಾಗಿ ಏಳಲಾರದು, ಕೂಗಲೂ ಆರದು. ಸದ್ದಿಲ್ಲದೆ ಎಲ್ಲ ಮುಗಿದುಹೋಗುತ್ತದೆ.

ಈಗ ಯೋಚಿಸಿ: ನೀರಿನೊಳಗೆ ಕುಣಿಯುವ ಗೊದಮೊಟ್ಟೆಗಿಂತ ಮಗುವನ್ನು ಸೆಳೆಯುವ ಆಟಿಕೆ ಇನ್ನೊಂದಿದೆಯೇ? ಮಕ್ಕಳಿರುವ ಮನೆಯಲ್ಲಿ ಕೊಳದ ಮೇಲೆ ಗಟ್ಟಿಯಾದ ಕಬ್ಬಿಣದ ಜಾಲರಿ, ಇಲ್ಲವೇ ಸುತ್ತ ಮಗು ಹತ್ತಲಾಗದ ಬೇಲಿ ಮತ್ತು ಚಿಲಕವಿರುವ ಗೇಟು ಇರಲೇಬೇಕು. ಜಾಲರಿಯ ಕಿಂಡಿಯಲ್ಲಿ ಕಪ್ಪೆ ನುಸುಳಿದರೆ ನುಸುಳಲಿ, ಮಗು ಬೀಳಬಾರದು.

ಮಗು ಬಿದ್ದದ್ದು ಕಂಡರೆ ತಕ್ಷಣ ಎತ್ತಿ. ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಅಮುಕಿ ನೀರು ತೆಗೆಯುವುದು ಬೇಡವೇ ಬೇಡ, ಅದರಿಂದ ಅಮೂಲ್ಯ ಸಮಯ ಹಾಳು. ಉಸಿರಾಟವಿಲ್ಲದಿದ್ದರೆ ಸಮತಟ್ಟಾದ ಜಾಗದಲ್ಲಿ ಅಂಗಾತ ಮಲಗಿಸಿ, ಗದ್ದ ಎತ್ತಿ, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ ಎರಡು ಬಾರಿ ಉಸಿರು ಕೊಡಿ. ನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, ಮತ್ತೆ ಎರಡು ಉಸಿರು. ಇದನ್ನು ನಿಲ್ಲಿಸದೆ ಮುಂದುವರಿಸುತ್ತಿರುವಾಗ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಮಗು ಕಣ್ಣು ಬಿಟ್ಟು ಅತ್ತರೂ ಆಸ್ಪತ್ರೆಗೆ ಒಯ್ಯುವುದನ್ನು ತಪ್ಪಿಸಬೇಡಿ. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಹಾಗಾದರೆ ಏನು ಮಾಡಬೇಕು?

* ಬ್ಲೀಚಿಂಗ್ ಪೌಡರ್, ಫಿನಾಯಿಲ್, ಸೀಮೆಎಣ್ಣೆ, ಉಪ್ಪು, ಕೀಟನಾಶಕ ಯಾವುದನ್ನೂ ಕೊಳಕ್ಕೆ ಸುರಿಯಬೇಡಿ. ಮೊದಲು ಸಾಯುವುದು ನಿಮ್ಮ ಮೀನು. ಪಕ್ಕದಲ್ಲಿ ಬಾವಿ ಇದ್ದರೆ ವಿಷ ಅಲ್ಲಿಗೂ ಇಳಿಯಬಹುದು.

* ಇಂಥ ದ್ರವಗಳನ್ನು ತಂಪು ಪಾನೀಯದ ಬಾಟಲಿಯಲ್ಲಿ ಇಡಲೇಬೇಡಿ. ಮಗು ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ.

* ಗೊದಮೊಟ್ಟೆ ವಿಪರೀತವೆನಿಸಿದರೆ ಮೊಟ್ಟೆಯ ಎಳೆಗಳನ್ನು ಮೊದಲ ದಿನವೇ ಕೋಲಿನಿಂದ ಎತ್ತಿ ತೆಗೆಯಬಹುದು. ಉಳಿದವನ್ನು ಬಿಡಿ. ಹೆಚ್ಚಿನವು ಒಂದೆರಡು ತಿಂಗಳಲ್ಲಿ ಕಾಲು ಮೂಡಿಸಿಕೊಂಡು ಹೊರಟುಹೋಗುತ್ತವೆ.

* ಮರಿಗಪ್ಪೆ ಹತ್ತಿ ಹೊರಬರಲು ಕೊಳದ ಅಂಚಿಗೆ ಒಂದು ಇಳಿಜಾರು ಕಲ್ಲೋ ಹಲಗೆಯೋ ಇಡಿ. ಇಲ್ಲದಿದ್ದರೆ ಸತ್ತು ಕೊಳೆತು ನೀರು ನಾರುತ್ತದೆ.

* ಒಂದು ಕೊಳದ ಕಪ್ಪೆ, ಗಿಡ, ನೀರನ್ನು ಇನ್ನೊಂದಕ್ಕೆ ಒಯ್ಯಬೇಡಿ. ಕಪ್ಪೆಗಳ ರೋಗ ಹರಡುವುದು ಹೀಗೆಯೇ.

* ಸದ್ದು ತಡೆಯಲಾಗದಿದ್ದರೆ ಕೊಳದ ಬಳಿಯ ದೀಪ ಆರಿಸಿ. ಹುಳು ಕಡಿಮೆಯಾದಂತೆ ಅವನ್ನು ತಿನ್ನಲು ಬರುವ ಕಪ್ಪೆಗಳೂ ಕಡಿಮೆಯಾಗುತ್ತವೆ.

ಕಪ್ಪೆಯನ್ನು ತಕ್ಕಡಿಯಲ್ಲಿಟ್ಟು ತೂಗುವುದು ಕಷ್ಟ ಎನ್ನುತ್ತಾರೆ. ಆದರೆ ಅದರಿಂದಾಗುವ ಅಪಾಯವನ್ನು ತೂಗುವುದು ಅಷ್ಟು ಕಷ್ಟವಲ್ಲ. ಒಂದು ತಟ್ಟೆಯಲ್ಲಿ ನರಹುಲಿಯ ಸುಳ್ಳು ಭಯ, ನಾಲ್ಕು ರಾತ್ರಿಯ ನಿದ್ದೆಗೇಡು; ಇನ್ನೊಂದರಲ್ಲಿ ಜಾಲರಿಯಿಲ್ಲದ ನೀರು, ಮರೆತುಬಿಟ್ಟ ಬಕೆಟ್ಟು, ಬಾಟಲಿಯಲ್ಲಿನ ವಿಷ. ಯಾವುದು ಭಾರ ಎಂದು ನೋಡಿ, ಈ ಭಾನುವಾರ ಮಳೆ ಬಿಡುವು ಕೊಟ್ಟಾಗ ಜಾಲರಿ ಮಾಡುವವರನ್ನು ಕರೆಸಿ ಕೊಳದ ಅಳತೆ ಕೊಡಿ.