ಹಳೇ ಬಿ-೨೭೫ರ ಗುರುತು

ಭಾಂಡುಪಿನಲ್ಲಿರೋ ನಮಗೆ ಟ್ರ್ಯಾಕ್ಟರ್ ಅಂದ್ರೆ ಊರ ಕಡೆಯ ಮಾತು. ಆದರೆ ಹಳೇ ಬಿ-೨೭೫ ತಯಾರಾದದ್ದು ನಮ್ಮ ಮುಂಬೈಯ ಕಾಂದಿವಲಿಯಲ್ಲಿ! ೧೯೬೩ರಲ್ಲಿ ಮಹೀಂದ್ರಾ, ವೋಲ್ಟಾಸ್ ಮತ್ತು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸೇರಿ ಕಂಪನಿ ಕಟ್ಟಿದವು. ಮಾದರಿ ಮಾತ್ರ ಬ್ರಿಟನ್ನಿನದು. ‘ಬಿ’ ಅಕ್ಷರದ ಗುಟ್ಟೂ ಅದೇ.

ಹಳೇ ಟ್ರ್ಯಾಕ್ಟರಿನ ಹುಚ್ಚಿರುವವರು ಬಣ್ಣ ನಂಬೋದಿಲ್ಲ (ಬಣ್ಣ ಯಾರು ಬೇಕಾದ್ರೂ ಬಳೀಬಹುದು), ಚಕ್ರ ನೋಡ್ತಾರೆ. ಗದ್ದೆಯ ಕೆಸರಲ್ಲಿ ರಬ್ಬರ್ ಟೈರು ಜಾರುತ್ತದೆ. ಅದಕ್ಕೇ ಅಲ್ಲಿ ಕಬ್ಬಿಣದ ಪಂಜರದಂಥ ಕೇಜ್ ವೀಲ್. ಬಯಲುಸೀಮೆಯ ಒಣ ಹೊಲಕ್ಕೆ ಅದು ಬೇಡ, ಹಿಂದೆ ನೇಗಿಲೋ ಕುಂಟೆಯೋ ಇದ್ದರೆ ಸಾಕು.

ನಮ್ಮ ಅಕೌಂಟೆನ್ಸಿಯಲ್ಲಿ ಸವಕಳಿ ಕಳೆದು ಇದರ ಬೆಲೆ ಎಂದೋ ಸೊನ್ನೆ. ಗುಜರಿಯವನು ಕಿಲೋ ಲೆಕ್ಕದಲ್ಲಿ ಒಯ್ದರೆ ನಂಬರಿನ ತಗಡೂ ಹೋಯ್ತು. ಆರ್.ಸಿ. ಬುಕ್ ಕಳೆದಿದ್ದರೆ ಗಾಡಿಯ ವರ್ಷ ಹಿಡಿಯೋಕೆ ಆ ತಗಡೂ ಒಂದು ಆಧಾರ. ರಜೆಯಲ್ಲಿ ಊರಿಗೆ ಹೋದವರು ಅದನ್ನು ಬರಕೊಂಡು ಬನ್ನಿ.